ಎಂಡೊಮೆಟ್ರಿಯೋಸಿಸ್ ಇದೆ, ಮಗು ಬೇಕು: ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಒಪ್ಪಬೇಕೇ?

ಪ್ರಶ್ನೆ: ನನಗೆ 33 ವರ್ಷ, ಮದುವೆಯಾಗಿ ನಾಲ್ಕು ವರ್ಷವಾಗಿದೆ. ಹೈಸ್ಕೂಲಿನ ದಿನಗಳಿಂದಲೂ ಮುಟ್ಟಿನ ಸಮಯದಲ್ಲಿ ತೀವ್ರವಾದ ಹೊಟ್ಟೆನೋವು ಬರುತ್ತಿತ್ತು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಿದ್ದರು. ಎರಡು ವರ್ಷಗಳ ಹಿಂದೆ ಎಡ ಅಂಡಾಶಯದಲ್ಲಿದ್ದ 5 ಸೆಂ.ಮೀ. ಗಾತ್ರದ ಚಾಕೊಲೇಟ್ ಸಿಸ್ಟನ್ನು ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಆಪರೇಷನ್) ಮಾಡಿ ತೆಗೆದರು. ಆಮೇಲೆ ಆರು ತಿಂಗಳು ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ನುಂಗಿದೆ. ಅದನ್ನು ನಿಲ್ಲಿಸಿ ಒಂದೂವರೆ ವರ್ಷವಾದರೂ ಗರ್ಭ ನಿಂತಿಲ್ಲ. ಈಗ ಅದೇ ಕಡೆ 3 ಸೆಂ.ಮೀ. ಸಿಸ್ಟ್ ಮತ್ತೆ ಕಾಣಿಸಿಕೊಂಡಿದೆ. ಅಂಡಗಳ ದಾಸ್ತಾನನ್ನು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆಯಲ್ಲಿ 1.3 ಬಂದಿದೆ. ಅಂಡಾಶಯದ ಕ್ಯಾನ್ಸರಿನಲ್ಲಿ ಏರುವ ಸಿಎ-125 ಎಂಬ ರಕ್ತಪರೀಕ್ಷೆಯಲ್ಲಿ 68 ಬಂದಿರುವುದರಿಂದ ಕ್ಯಾನ್ಸರ್ ಇರಬಹುದೇ ಎಂಬ ಭಯವೂ ಇದೆ. ಒಬ್ಬ ವೈದ್ಯರು ಮತ್ತೆ ಆಪರೇಷನ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ನೇರವಾಗಿ, ಅಂಡ ಮತ್ತು ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸುವ ಐವಿಎಫ್‌ಗೆ ಹೋಗಿ ಎನ್ನುತ್ತಾರೆ. ನನ್ನ ಪತಿಗೆ ಇದುವರೆಗೆ ಯಾವ ಪರೀಕ್ಷೆಯೂ ಆಗಿಲ್ಲ. ತೊಂದರೆ ನನ್ನಲ್ಲೇ ಇದೆ ಎಂದು ಗೊತ್ತಾದ ಮೇಲೆ ಅವರಿಗೇಕೆ ಪರೀಕ್ಷೆ ಎಂಬುದು ನಮ್ಮ ಅತ್ತೆಯವರ ಮಾತು. ನಾನು ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಎಲ್ಲ ತೀರ್ಮಾನಗಳೂ ಅದನ್ನು ಅವಲಂಬಿಸಿವೆ. ನಿಮ್ಮ ಪತಿಯ ವೀರ್ಯ ಪರೀಕ್ಷೆ ಈ ವಾರವೇ ಆಗಬೇಕು. ಮಗುವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ, ಪೂರ್ತಿಯಾಗಿಯೋ ಭಾಗಶಃವೋ, ಇರುತ್ತದೆ. ಹೆಂಡತಿಗೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇದೆ ಎಂಬ ಕಾರಣಕ್ಕೆ ಗಂಡನ ವೀರ್ಯಾಣುಗಳ ಸಂಖ್ಯೆ, ಚಲನೆ ಸರಿಯಾಗಿಯೇ ಇರಬೇಕೆಂದಿಲ್ಲ. ಎರಡರಿಂದ ಏಳು ದಿನ ಸಂಪರ್ಕವಿಲ್ಲದೆ ಇದ್ದು ಕೊಡುವ ಒಂದು ಮಾದರಿ ಸಾಕು. ಖರ್ಚೂ ಕಡಿಮೆ, ನೋವೂ ಇಲ್ಲ. ಹೆಣ್ಣಿನ ಹೊಟ್ಟೆಗೆ ಒಮ್ಮೆ ಲ್ಯಾಪರೊಸ್ಕೋಪಿ ಮಾಡಿ, ಎರಡನೆಯದರ ಬಗ್ಗೆ ಚರ್ಚಿಸುತ್ತಿರುವಾಗಲೂ ಈ ಸರಳ ಪರೀಕ್ಷೆ ಆಗದೇ ಉಳಿದಿರುವುದು ನನಗೆ ನಿಜಕ್ಕೂ ನೋವು ತರುತ್ತದೆ. ಇದನ್ನು ಅತ್ತೆಯವರಿಗೆ ನೀವು ವಿವರಿಸುವುದಕ್ಕಿಂತ ನಿಮ್ಮ ಪತಿಯೇ ವಿವರಿಸುವುದು ಒಳ್ಳೆಯದು.

ಕ್ಯಾನ್ಸರ್ ಭಯದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸಿಎ-125 ಸಾಮಾನ್ಯವಾಗಿ 35ಕ್ಕಿಂತ ಕಡಿಮೆ ಇರಬೇಕೆಂದು ವರದಿಯಲ್ಲಿ ಬರೆದಿರುತ್ತದೆ. ಆದರೆ ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಅದು ಏರಿರುವುದು ತೀರಾ ಸಾಮಾನ್ಯ. ಮುಟ್ಟಿನ ದಿನಗಳಲ್ಲಿ ರಕ್ತ ಕೊಟ್ಟಿದ್ದರೂ ಏರುತ್ತದೆ, ಕಿಬ್ಬೊಟ್ಟೆಯ ಕ್ಷಯರೋಗದಲ್ಲೂ ಏರುತ್ತದೆ. ನಮ್ಮ ದೇಶದಲ್ಲಿ ಜನನಾಂಗದ ಕ್ಷಯ ಗರ್ಭನಾಳಗಳನ್ನು ಮುಚ್ಚಿಬಿಡುವ ಒಂದು ಮುಖ್ಯ ಕಾರಣವಾಗಿರುವುದರಿಂದ, ಮೊದಲ ಆಪರೇಷನ್ನಿನಲ್ಲಿ ತೆಗೆದ ಸಿಸ್ಟಿನ ಬಯಾಪ್ಸಿ ವರದಿಯನ್ನು ಒಮ್ಮೆ ಓದಿಸಿಕೊಳ್ಳಿ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಸಿಸ್ಟಿನ ರೂಪ ಎಂದಿನಂತೆ, ಒಳಗೆ ಘನ ಗಂಟುಗಳಿಲ್ಲದೆ ಇದ್ದರೆ, 68 ಎಂಬ ಸಂಖ್ಯೆಯೊಂದಕ್ಕೇ ಹೆದರುವ ಅಗತ್ಯವಿಲ್ಲ.

ಈಗ ಎರಡನೇ ಶಸ್ತ್ರಚಿಕಿತ್ಸೆಯ ಪ್ರಶ್ನೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದಲ್ಲಿ ಬೆಳೆದು, ಪ್ರತಿ ತಿಂಗಳೂ ಅಲ್ಲೇ ರಕ್ತ ಸುರಿಸಿ, ಆ ಹಳೆಯ ರಕ್ತ ಗಟ್ಟಿ ಕಂದು ದ್ರವವಾಗಿ ತುಂಬಿಕೊಂಡಾಗ ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತೇವೆ. ಇದರ ಗೋಡೆ ಅಂಡಾಶಯದ ಆರೋಗ್ಯವಂತ ಭಾಗಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಸುಲಿದು ತೆಗೆಯುವಾಗ, ಎಷ್ಟೇ ನುರಿತ ಕೈಯಾದರೂ, ಪಕ್ಕದಲ್ಲಿರುವ ಅಂಡಗಳ ಒಂದಷ್ಟು ಭಾಗವೂ ಅದರೊಂದಿಗೆ ಹೋಗುತ್ತದೆ. ಹೆಣ್ಣುಮಗು ಹುಟ್ಟುವಾಗಲೇ ಪಡೆದುಕೊಂಡು ಬರುವ ಅಂಡಗಳ ದಾಸ್ತಾನು ಮತ್ತೆ ತುಂಬುವುದಿಲ್ಲ. ಹಾಗಾಗಿ ಅದೇ ಅಂಡಾಶಯಕ್ಕೆ ಎರಡನೇ ಬಾರಿ ಕೈಹಾಕುವುದೆಂದರೆ ಮೊದಲ ಬಾರಿಗಿಂತ ಹೆಚ್ಚಿನ ನಷ್ಟವನ್ನು ಒಪ್ಪಿಕೊಂಡಂತೆ. ಯುರೋಪಿನ ಸಂತಾನ ವೈದ್ಯರ ಸಂಘವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ, ಐವಿಎಫ್ ಫಲಿತಾಂಶ ಉತ್ತಮಗೊಳಿಸುವ ಉದ್ದೇಶಕ್ಕಾಗಿ ಮಾತ್ರವೇ ಚಾಕೊಲೇಟ್ ಸಿಸ್ಟನ್ನು ವಾಡಿಕೆಯಾಗಿ ತೆಗೆಯುವುದು ಬೇಡ ಎಂದೇ ಹೇಳುತ್ತದೆ.

ಆದ್ದರಿಂದ 3 ಸೆಂ.ಮೀ. ಸಿಸ್ಟ್ ಕಂಡಿದೆ ಎಂಬ ಒಂದೇ ಕಾರಣಕ್ಕೆ ಮತ್ತೆ ಆಪರೇಷನ್ನಿಗೆ ಒಪ್ಪಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಮಾತ್ರೆಗೂ ಬಗ್ಗದ ನೋವು, ಸಿಸ್ಟಿನ ರೂಪದಲ್ಲಿ ಅನುಮಾನ, ಐವಿಎಫ್ ಸಮಯದಲ್ಲಿ ಅಂಡಗಳನ್ನು ಹೊರತೆಗೆಯಲು ಸಿಸ್ಟ್ ಅಡ್ಡಬರುವುದು, ನೀರು ತುಂಬಿ ಊದಿಕೊಂಡ ಗರ್ಭನಾಳ, ಅಥವಾ ಮೂತ್ರನಾಳಕ್ಕೆ ಒತ್ತಡ ಬಿದ್ದು ಮೂತ್ರಪಿಂಡ ಊದಿಕೊಂಡಿರುವುದು, ಇಂಥ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಗೆ ಸಕಾರಣವಿದೆ. ಹಾಗೆ ಮಾಡಲೇಬೇಕಾಗಿ ಬಂದರೆ, ಅದಕ್ಕೆ ಮೊದಲೇ ಅಂಡಗಳನ್ನಾಗಲಿ ಭ್ರೂಣಗಳನ್ನಾಗಲಿ ಶೀತಲೀಕರಿಸಿ ಇಡುವ ಬಗ್ಗೆ ಕೇಳಿ.

ನಿಮ್ಮ ಎಎಂಎಚ್ 1.3 ಎಂಬುದು ವಯಸ್ಸಿಗೆ ಹೋಲಿಸಿದರೆ ಸ್ವಲ್ಪ ಕಡಿಮೆ. ಇದು ಉಳಿದಿರುವ ಅಂಡಗಳ ಸಂಖ್ಯೆಯ ಅಂದಾಜೇ ಹೊರತು ಅವುಗಳ ಗುಣಮಟ್ಟದ ಅಳತೆಯಲ್ಲ. ಸಹಜವಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಇದು ಹೇಳಲಾರದು. ಐವಿಎಫ್ ಚುಚ್ಚುಮದ್ದುಗಳಿಗೆ ಎಷ್ಟು ಅಂಡಗಳು ಸ್ಪಂದಿಸಬಹುದು ಎಂಬುದನ್ನು ಮಾತ್ರ ಸೂಚಿಸುತ್ತದೆ. ಆದರೂ ಇದನ್ನು ನೋಡಿದ ಮೇಲೆ ಇನ್ನೊಂದು ವರ್ಷ ಸುಮ್ಮನೆ ಕಾಯಿರಿ ಎಂದು ನಾನು ಹೇಳಲಾರೆ. ಆರೋಗ್ಯವಂತ ದಂಪತಿಗಳಿಗೆ ಪ್ರತಿ ತಿಂಗಳು ಗರ್ಭ ನಿಲ್ಲುವ ಸಾಧ್ಯತೆ ಶೇ 15ರಿಂದ 20ರಷ್ಟಿದ್ದರೆ, ಚಿಕಿತ್ಸೆಯಿಲ್ಲದ ಎಂಡೊಮೆಟ್ರಿಯೋಸಿಸ್‌ನಲ್ಲಿ ಅದು ಶೇ 2ರಿಂದ 10ರಷ್ಟು. ನೀವು ಒಂದೂವರೆ ವರ್ಷ ಪ್ರಯತ್ನಿಸಿದ್ದೀರಿ.

ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ ಮಾತ್ರವಲ್ಲದೆ, ಒಳಗೆ ಏನು ಕಂಡಿತೆಂದು ಶಸ್ತ್ರವೈದ್ಯರು ಬರೆದಿರುವ ಟಿಪ್ಪಣಿಯನ್ನೂ, ವಿಡಿಯೋ ಇದ್ದರೆ ಅದನ್ನೂ ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ವಯಸ್ಸು, ಎಷ್ಟು ವರ್ಷದಿಂದ ಮಗುವಾಗಿಲ್ಲ, ಗರ್ಭನಾಳ ಮತ್ತು ಅಂಡಾಶಯಗಳು ಎಷ್ಟರಮಟ್ಟಿಗೆ ಕೆಲಸ ಮಾಡುವ ಸ್ಥಿತಿಯಲ್ಲಿವೆ ಎಂಬಂಥ ಅಂಶಗಳನ್ನು ಕೂಡಿಸಿ 0ಯಿಂದ 10ರವರೆಗೆ ಅಂಕ ಕೊಡುವ ಒಂದು ಸೂಚ್ಯಂಕ 2010ರಿಂದ ಬಳಕೆಯಲ್ಲಿದೆ. ಸಹಜ ಪ್ರಯತ್ನಕ್ಕೆ ಎಷ್ಟು ಕಾಲ ಕೊಡಬಹುದು ಎಂಬುದನ್ನು ನಿರ್ಧರಿಸಲು ಅದು ನಮಗೆ ನೆರವಾಗುತ್ತದೆ. ಆ ಟಿಪ್ಪಣಿಯಿಲ್ಲದೆ ಅದನ್ನು ಲೆಕ್ಕಹಾಕಲಾಗದು. ಗರ್ಭನಾಳಗಳು ತೆರೆದಿದ್ದು, ವೀರ್ಯ ಪರೀಕ್ಷೆ ಸರಿಯಾಗಿದ್ದು, ಕಾಯಿಲೆ ನಾಲ್ಕು ಹಂತಗಳಲ್ಲಿ ಮೊದಲ ಅಥವಾ ಎರಡನೇ ಹಂತದ್ದಾಗಿದ್ದರೆ, ಅಂಡ ಬೆಳೆಸುವ ಔಷಧಿಯೊಂದಿಗೆ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಮೂರು ಬಾರಿ ಪ್ರಯತ್ನಿಸುವುದು ಸಮಂಜಸ. ಆದರೆ ಚಾಕೊಲೇಟ್ ಸಿಸ್ಟ್ ಇರುವವರಲ್ಲಿ ಕಾಯಿಲೆ ಸಾಮಾನ್ಯವಾಗಿ ಮೂರನೇ ಹಂತಕ್ಕೆ ಅಥವಾ ಅದಕ್ಕೂ ಮುಂದಕ್ಕೆ ಹೋಗಿರುತ್ತದೆ. ನಾಳಗಳು ಅಂಟಿಕೊಂಡಿವೆ ಎಂದು ಟಿಪ್ಪಣಿಯಲ್ಲಿದ್ದರೆ ಅಥವಾ ವೀರ್ಯದಲ್ಲಿ ಕೊರತೆಯಿದ್ದರೆ ಐಯುಐಗೆ ತಿಂಗಳುಗಳನ್ನು ಕಳೆಯದೆ ಐವಿಎಫ್‌ಗೆ ಹೋಗುವುದೇ ಸರಿ. ಪತ್ರದಲ್ಲಿರುವ ಮಾಹಿತಿಯಿಂದ ನನ್ನ ಒಲವು ನಿಮ್ಮ ಎರಡನೇ ವೈದ್ಯರ ಮಾತಿನ ಕಡೆಗೇ ಇದೆ. ಸಂತಾನ ಚಿಕಿತ್ಸಾ ಕೇಂದ್ರಗಳ ಕುರಿತ 2021ರ ಕಾಯ್ದೆಯ ಪ್ರಕಾರ ಇಂಥ ಚಿಕಿತ್ಸೆ ನೀಡುವ ಪ್ರತಿ ಕೇಂದ್ರವೂ ನೋಂದಣಿಯಾಗಿರಬೇಕು; ಹಣ ಕಟ್ಟುವ ಮೊದಲು ನೋಂದಣಿ ಪತ್ರ ನೋಡಿ.

ಡೈನೋಜೆಸ್ಟ್ ನೋವನ್ನು ಚೆನ್ನಾಗಿ ತಗ್ಗಿಸುತ್ತದೆ, ಆದರೆ ಅದು ಅಂಡ ಬಿಡುಗಡೆಯನ್ನು ತಡೆಯುವ ಔಷಧಿ. ಗರ್ಭಕ್ಕಾಗಿ ಪ್ರಯತ್ನಿಸುವಾಗ ಅದನ್ನು ಮತ್ತೆ ಆರಂಭಿಸಿದರೆ ಸಮಯ ಹೋಗುತ್ತದೆಯೇ ವಿನಾ ಫಲವಂತಿಕೆ ಹೆಚ್ಚುವುದಿಲ್ಲ. ಮುಟ್ಟಿನ ನೋವಿಗೆ ಮೆಫೆನಮಿಕ್ ಆಸಿಡ್ ಇರುವ ಮಾತ್ರೆಗಳನ್ನು ಮೊದಲ ಎರಡು ಮೂರು ದಿನ ತೆಗೆದುಕೊಳ್ಳಬಹುದು. ಅಂಡ ಬಿಡುಗಡೆಯಾಗುವ ನಡುದಿನಗಳಲ್ಲಿ ಬೇಡ, ಏಕೆಂದರೆ ಈ ಗುಂಪಿನ ಔಷಧಿಗಳು ಅಂಡ ಹೊರಬರುವುದಕ್ಕೆ ಅಡ್ಡಿಮಾಡಬಲ್ಲವು. ಆಗ ಪ್ಯಾರಾಸಿಟಮಾಲ್ ಮತ್ತು ಬಿಸಿನೀರಿನ ಶಾಖವನ್ನು ಬಳಸಿ. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಇಂದಿನಿಂದಲೇ ಶುರುಮಾಡಿ.

ನೀವು ಬರೆಯದ, ಆದರೆ ಈ ಕಾಯಿಲೆಯಲ್ಲಿ ಬಹಳ ಮಂದಿ ಸಂಕೋಚದಿಂದ ಮುಚ್ಚಿಡುವ ಒಂದು ವಿಷಯವಿದೆ. ಗರ್ಭಕೋಶದ ಹಿಂಭಾಗದಲ್ಲಿ ಕಾಯಿಲೆ ಇದ್ದರೆ ಸಂಪರ್ಕದ ವೇಳೆ ಒಳಗೆ ಆಳವಾದ ನೋವಾಗುತ್ತದೆ. ಗರ್ಭ ನಿಲ್ಲಲು ಸರಿಯಾದ ಆ ಐದಾರು ದಿನಗಳಲ್ಲೇ ದಂಪತಿಗಳು ದೂರ ಉಳಿಯುತ್ತಾರೆ. ನಿಮಗೆ ಹಾಗಾಗುತ್ತಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಪತಿಗೂ ಹೇಳಿ. ಚಿಕಿತ್ಸೆಯ ಆಯ್ಕೆಯೇ ಇದರಿಂದ ಬದಲಾಗಬಹುದು.

ಮಗುವಾದರೆ ಈ ಕಾಯಿಲೆ ಹೋಗಿಬಿಡುತ್ತದೆ ಎಂದು ನಿಮಗೆ ಇನ್ನು ಮುಂದೆಯೂ ಹೇಳುವವರಿರುತ್ತಾರೆ. ಬಸುರಿನಲ್ಲಿ ಮುಟ್ಟು ನಿಲ್ಲುವುದರಿಂದ ಕೆಲವರಿಗೆ ನೋವು ತಗ್ಗುತ್ತದೆ, ಅಷ್ಟೆ. ಹೆರಿಗೆಯ ನಂತರ ಅದು ಮರಳಬಹುದು, ಆಗಲೂ ನಿಮಗೆ ಚಿಕಿತ್ಸೆ ಬೇಕಾಗಬಹುದು. ಮುಟ್ಟು ನಿಂತು ಪರೀಕ್ಷೆ ಪಾಸಿಟಿವ್ ಬಂದ ದಿನವೇ ವೈದ್ಯರನ್ನು ಕಂಡು, ಆರರಿಂದ ಏಳನೇ ವಾರದೊಳಗೆ ಸ್ಕ್ಯಾನಿಂಗ್ ಮಾಡಿಸಿ. ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಗರ್ಭವು ಗರ್ಭಕೋಶದ ಬದಲು ಗರ್ಭನಾಳದಲ್ಲೇ ನಿಲ್ಲುವ ಅಪಾಯ ತುಸು ಹೆಚ್ಚು. ಒಂದು ಬದಿಗೆ ತೀವ್ರ ನೋವು, ತಲೆಸುತ್ತು ಅಥವಾ ರಕ್ತಸ್ರಾವ ಕಂಡರೆ ಸ್ಕ್ಯಾನಿಂಗ್ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.