ಅಪ್ಪನಿಂದ ಸಾಲ ಮಾಡಿಸಬೇಡಿ

ಪ್ರಶ್ನೆ: ಮುಂಬೈ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ಅಪ್ಪ ಹೋಟೆಲಿನಲ್ಲಿ ಕ್ಯಾಶಿಯರ್. ಅಂತಾರಾಷ್ಟ್ರೀಯ ಅಭಿವೃದ್ಧಿ ಮತ್ತು ಜನಚಳವಳಿಗಳ ಸಂಶೋಧನೆ ಮಾಡಬೇಕೆಂಬ ಆಸೆ. ಈಗಲೇ ಇಂಗ್ಲೆಂಡಿಗೆ ಅರ್ಜಿ ಹಾಕಲೇ? ಸಾಲ ಮಾಡಿಯಾದರೂ ಕಳಿಸುತ್ತೇನೆ ಎನ್ನುತ್ತಾರೆ ಅಪ್ಪ.
— ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಸಾಲ ಖಂಡಿತ ಬೇಡ. ಯಾವ ದೇಶ ಎಂದು ಬರೆದಿದ್ದೀರಿ, ನಿಮ್ಮನ್ನು ಕಾಡುವ ಪ್ರಶ್ನೆ ಯಾವುದೆಂದು ಬರೆದಿಲ್ಲ. ಅದು ಸಿಗುವವರೆಗೆ ಅರ್ಜಿ ಹಾಕಬೇಡಿ.

ನೀವು ದಿನವೂ ಓಡಾಡುವ ಲೋಕಲ್ ರೈಲಿನ ಹಳಿಯ ಬದಿಯನ್ನೇ ನೋಡಿ. ಅಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಸಾವಿರಾರು ಕುಟುಂಬಗಳು ವಿಶ್ವಬ್ಯಾಂಕ್ ನೆರವಿನ ಸಾರಿಗೆ ಯೋಜನೆಗಾಗಿ ಬೇರೆಡೆಗೆ ಹೋಗಬೇಕಾಯಿತು. ಆ ಪುನರ್ವಸತಿಯಲ್ಲಿ 1974ರಲ್ಲಿ ಹುಟ್ಟಿದ ಕೊಳೆಗೇರಿ ನಿವಾಸಿಗಳ ರಾಷ್ಟ್ರೀಯ ಒಕ್ಕೂಟ, 1984ರಲ್ಲಿ ಶುರುವಾದ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆ, ಬೈಕುಲಾದ ಪಾದಚಾರಿ ಮಾರ್ಗದಲ್ಲಿ ಬದುಕುತ್ತಿದ್ದ ಹೆಂಗಸರು ಕಟ್ಟಿದ ಮಹಿಳಾ ಮಿಲನ್ ಸರ್ಕಾರದ ಜೊತೆ ಕೂತು ಕೆಲಸ ಮಾಡಿದವು. ತಮ್ಮ ಮನೆಗಳನ್ನು ತಾವೇ ಎಣಿಸಿ, ಉಳಿತಾಯ ಗುಂಪು ಕಟ್ಟುವ ಅವರ ಪದ್ಧತಿ ದಕ್ಷಿಣ ಆಫ್ರಿಕಾಕ್ಕೂ ಹೋಯಿತು. 1996ರಲ್ಲಿ ಕೊಳೆಗೇರಿ ನಿವಾಸಿಗಳ ಅಂತಾರಾಷ್ಟ್ರೀಯ ಜಾಲವೇ ಹುಟ್ಟಿತು.

ಸರ್ದಾರ್ ಸರೋವರ ಅಣೆಕಟ್ಟಿಗೆ ಸಾಲ ಕೊಟ್ಟಿದ್ದ ಅದೇ ಬ್ಯಾಂಕಿಗೆ ನರ್ಮದಾ ಬಚಾವೋ ಆಂದೋಲನ ಎದುರು ನಿಂತಿತು. ಬ್ಯಾಂಕ್ ಸ್ವತಂತ್ರ ಪರಿಶೀಲನೆಗೆ ಒಪ್ಪಬೇಕಾಯಿತು, 1993ರಲ್ಲಿ ಭಾರತ ಉಳಿದ ಸಾಲವನ್ನು ಬಿಟ್ಟುಕೊಟ್ಟಿತು. ಬಾಧಿತರು ನೇರವಾಗಿ ದೂರು ಕೊಡಬಹುದಾದ ತಪಾಸಣಾ ಮಂಡಳಿಯನ್ನು ಬ್ಯಾಂಕ್ ರಚಿಸಿದ್ದೂ ಅದೇ ವರ್ಷ. ಒಬ್ಬರು ಮಾತುಕತೆಗೆ ಕುಳಿತರು, ಇನ್ನೊಬ್ಬರು ದಾರಿಗೆ ಅಡ್ಡ ನಿಂತರು. ಯಾಕೆ? ಯಾರಿಗೆ ಏನು ದಕ್ಕಿತು? ನನಗೆ ಇಂದಿಗೂ ನಿದ್ದೆಗೆಡಿಸುವ ಪ್ರಶ್ನೆ ಇದು. ನಿಮ್ಮದು ಬೇರೆಯೇ ಇರಲಿ, ಆದರೆ ಇಷ್ಟು ಗಟ್ಟಿಯಾಗಿರಲಿ.

ಹಣದ ಮಾತು. ಬ್ರಿಟನ್ ಸರ್ಕಾರದ ಚೀವನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ಓದಿನ ಪೂರ್ತಿ ಖರ್ಚು ನೋಡಿಕೊಳ್ಳುತ್ತದೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕು. ಆದ್ದರಿಂದ ಮೊದಲು ಇಲ್ಲಿಯೇ ಸಮೀಕ್ಷೆಯ ಕೆಲಸಕ್ಕೆ ಸೇರಿ. ಸಂಬಳ ಕಡಿಮೆಯಿರುತ್ತದೆ, ಆದರೂ ಸೇರಿ. ಜೊತೆಗೆ ಅಧ್ಯಾಪನ, ಸಂಶೋಧನೆಗಳಿಗೆ ನಡೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ ನೆಟ್ ಬರೆಯಿರಿ. ಅದರಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕರೆ ಇಲ್ಲಿಯೇ ಪಿಎಚ್‌.ಡಿ. ಮಾಡಲು ಪ್ರತಿ ತಿಂಗಳೂ ಹಣ ಬರುತ್ತದೆ.

ಇನ್ನೊಂದು ಮಾತು. ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಕಟ್ಟಡ ಕಾರ್ಮಿಕರ ಜೊತೆ ನೀವು ದುಭಾಷಿಯಿಲ್ಲದೆ ಮಾತನಾಡಬಲ್ಲಿರಿ. ವಿದೇಶದಿಂದ ಬರುವ ಎಷ್ಟೋ ಸಂಶೋಧಕರಿಗೆ ಆ ಭಾಗ್ಯವಿಲ್ಲ. ಅರ್ಜಿಯ ಮೊದಲ ಪ್ಯಾರಾದಲ್ಲಿಯೇ ಅದನ್ನು ಬರೆಯಿರಿ.