ಎವರ್ಲಿ ಬ್ರದರ್ಸ್ ಹಾಡಲ್ಲಿ ಮೇಲಿನ ದನಿ ಕೂಡ್ತಿಲ್ಲ ಅಂದ್ರೆ

ಎವರ್ಲಿ ಬ್ರದರ್ಸ್ (ಡಾನ್, ಫಿಲ್ ಅನ್ನೋ ಅಮೆರಿಕದ ಅಣ್ಣತಮ್ಮ, ಎರಡು ದನೀಲಿ ಒಟ್ಟಿಗೆ ಹಾಡ್ತಿದ್ದೋರು) ಹಾಡನ್ನ ನೀವು ಅಣ್ಣ ತಂಗಿ ಹಾಡುವಾಗ ಮೇಲಿನ ದನಿ ಕೆಲವು ಕಡೆ ಮಾತ್ರ ಅಪಸ್ವರ ಅನ್ಸತ್ತೆ ಅಂದ್ರಲ್ಲ, ಬಹುಶಃ ಎಲ್ಲಾ ಕಡೆ ಕಣ್ಮುಚ್ಚಿ ಕೆಳಗಿನ ದನಿಯ ಸ್ವರದಿಂದ ಎಣಿಸಿದ್ರೆ ಬರೋ ಮೂರನೇ ಸ್ವರಾನೇ ಹಿಡೀತಿದೀರ. ರೆಕಾರ್ಡಿಂಗ್ ಕೇಳದೆ ಖಂಡಿತ ಅಂತ ಹೇಳಕ್ಕಾಗಲ್ಲ, ಆದ್ರೆ ನಂಗೂ ನಮ್ಮಕ್ಕಂಗೂ ಆಗಿದ್ದು ಇದೇ.

ಶಂಕರಾಭರಣದ ಲೆಕ್ಕದಲ್ಲಿ ಸ ಮೇಲೆ ಗ, ರಿ ಮೇಲೆ ಮ, ಹೀಗೆ ಮುಕ್ಕಾಲು ಪಾಲು ಸರಿಹೋಗತ್ತೆ. ಆದ್ರೆ ಗಿಟಾರಲ್ಲಿ ಸ-ಗ-ಪ ಕಾರ್ಡ್ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ಇದ್ದು ಕೆಳಗಿನವ್ರು ಪ ಹಾಡ್ತಿರುವಾಗ ನೀವು ನಿ ಹಿಡಿದ್ರೆ ಕಾರ್ಡಿಗೆ ಹೊಂದದೆ ಕಚ್ಚತ್ತೆ, ಅಲ್ಲಿ ಮೇಲಿನ ಸ ಗೆ ಹೋಗಿ. ಮ-ದ-ಸ ಕಾರ್ಡಲ್ಲಿ ಕೆಳಗಿನವ್ರಿಗೆ ಸ ಬಂದ್ರೆ ಗ ಬೇಡ, ಮ ಹಿಡೀರಿ.

ಮೊದ್ಲು ಎವರ್ಲಿ ಬ್ರದರ್ಸ್ ಅವ್ರ 1958ರ ಜನಪದ ಹಾಡುಗಳ ಆಲ್ಬಂ 'ಸಾಂಗ್ಸ್ ಅವರ್ ಡ್ಯಾಡಿ ಟಾಟ್ ಅಸ್' ಕೇಳಿ, ಅಕೌಸ್ಟಿಕ್ ಗಿಟಾರು ಬೇಸು ಬಿಟ್ರೆ ಗಲಾಟೆ ಇಲ್ಲ, ಹಂಗಾಗಿ ಎರಡೂ ದನಿ ಬಿಡಿಸಿ ಕೇಳ್ಬೋದು. ಕೆಳಗಿಂದು ಡಾನ್, ಮೇಲಿಂದು ಫಿಲ್. ಫಿಲ್ ಹಾಡಿದ್ದನ್ನಷ್ಟೇ ಒಬ್ರೇ ಕಲೀರಿ, ಅದೇ ಒಂದು ಪೂರ್ತಿ ಟ್ಯೂನ್ ತರ ಇರತ್ತೆ. ಆಮೇಲೆ ಒಂದೊಂದು ಕಾರ್ಡ್ ಒಂದೇ ಸಲ ಮೀಟಿ ನಿಲ್ಸಿ, ಇಬ್ರೂ ನಿಧಾನಕ್ಕೆ ಹಾಡಿ, ಎಲ್ಲಿ ಕಚ್ಚತ್ತೋ ಆ ಸ್ವರ ಮಾತ್ರ ಬದಲಾಯ್ಸಿ (ಸಂಗೀತ ಕಲ್ತಿದ್ರೆ ಗಮಕ ಹಾಕೋ ಚಟ ಇರತ್ತೆ, ಸದ್ಯಕ್ಕೆ ಬಿಡಿ).