ಸ್ಟಾಕ್ ಪುಸ್ತಕ ಬಿಡದ ಅಣ್ಣನೂ ನಿಮ್ಮ ಪ್ರಾಜೆಕ್ಟೂ

ಪ್ರಾಜೆಕ್ಟ್ ಸೀಸನ್ ಶುರುವಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತದೆ. "ನಾವು ಸಾಫ್ಟ್‌ವೇರ್ ಮಾಡಿಕೊಟ್ಟೆವು, ಅವರು ಬಳಸುತ್ತಿಲ್ಲ." ಒಬ್ಬೊಬ್ಬರಿಗೆ ಬರೆದು ಸಾಕಾಗಿದೆ. ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಎಷ್ಟು ಬೇಕೋ ಅಷ್ಟು. ಬದಲಾವಣೆ ನಿರ್ವಹಣೆ ಅಂದರೇನು, ಅದರ ಉದ್ದೇಶಗಳೇನು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅದು ನಿಮ್ಮ ನೋಟ್ಸಿನಲ್ಲೇ ಇದೆ.

ಪ್ರಶ್ನೆ: ನಾವು ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ನಮ್ಮೂರಿನ ಟ್ರಸ್ಟ್ ಆಸ್ಪತ್ರೆಯ ಔಷಧಿ ಸ್ಟೋರಿಗೆ ಸ್ಟಾಕ್ ಸಾಫ್ಟ್‌ವೇರ್ ಮಾಡಿದ್ದೇವೆ. ಟ್ರೇನಿಂಗೂ ಕೊಟ್ಟೆವು. ಆದರೆ ಸ್ಟೋರ್ ನೋಡಿಕೊಳ್ಳುವ ಅಣ್ಣ ಇನ್ನೂ ಪುಸ್ತಕದಲ್ಲೇ ಬರೆಯುತ್ತಾರೆ. ವಯಸ್ಸಾದವರು, ಬದಲಾಗಲು ಒಪ್ಪುತ್ತಿಲ್ಲ. ಬದಲಾವಣೆಯ ಐದು ಹಂತಗಳಲ್ಲಿ ಅವರಿನ್ನೂ 'ನಿರಾಕರಣೆ'ಯಲ್ಲೇ ಇದ್ದಾರೆ ಅನ್ನಿಸುತ್ತದೆ. ಪುಸ್ತಕ ಬಂದ್ ಮಾಡಿ ಅಂತ ಆಡಳಿತಾಧಿಕಾರಿಗಳಿಂದ ಸುತ್ತೋಲೆ ಹೊರಡಿಸಿದರೆ ಸರಿಹೋಗುತ್ತಾ?
– ಹಾಸನ ಜಿಲ್ಲೆಯ ಒಂದು ತಂಡ

ಉತ್ತರ: ಮೊದಲು ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಅನ್ನುವ ಆ ಐದು ಹಂತದ ಚಾರ್ಟನ್ನು ಸ್ಲೈಡಿನಿಂದ ತೆಗೆಯಿರಿ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿದ ಮೇಲೆ. ಆಮೇಲೆ ಕನ್ಸಲ್ಟೆಂಟುಗಳು ಅದನ್ನೇ ಗೆರೆ ಎಳೆದು, ಬಣ್ಣ ಬಳಿದು 'ಚೇಂಜ್ ಕರ್ವ್' ಅಂತ ಮಾರಿದರು. ನಿಮ್ಮ ಅಣ್ಣನಿಗೆ ಸಾಯುವ ಕಾಯಿಲೆ ಏನೂ ಬಂದಿಲ್ಲ. ನಿಮ್ಮ ಸಾಫ್ಟ್‌ವೇರಿನಲ್ಲಿ ಅವರ ಲೆಕ್ಕ ಕೂರುತ್ತಿಲ್ಲ.

ಪತ್ರ ಓದಿದ ಮೇಲೆ ಆ ಪುಸ್ತಕದ ಒಂದು ಪುಟದ ಫೋಟೊ ಕಳಿಸಲು ಹೇಳಿದ್ದೆ. ಬಂತು. ತಾರೀಖು, ಔಷಧಿ, ಬ್ಯಾಚ್ ನಂಬರ್, ಬಂದದ್ದು, ಕೊಟ್ಟದ್ದು, ಬಾಕಿ. ಇಷ್ಟು ಕಾಲಮ್ಮು ನಿಮ್ಮ ಸ್ಕ್ರೀನಿನಲ್ಲೂ ಇವೆ. ಆದರೆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಇನ್ನೇನೋ ಬರೆದಿದೆ: "ವಾ 2, ಪ್ಯಾರಾ 4, ನೈಟ್". ಅದರ ಮೇಲೆ ನೀಲಿ ಪೆನ್ನಿನ ಗೀಟು. ಇದೇನು ಅಂತ ತಂಡದವರನ್ನು ಕೇಳಿದೆ. ನಾಲ್ವರಿಗೂ ಗೊತ್ತಿರಲಿಲ್ಲ. ಹೋಗಿ ಕೇಳಿಕೊಂಡು ಬನ್ನಿ ಅಂದೆ.

ವಿಷಯ ಇಷ್ಟೇ. ರಾತ್ರಿ ಸ್ಟೋರ್ ಮುಚ್ಚಿರುತ್ತದೆ. ಎರಡನೇ ವಾರ್ಡಿನ ನೈಟ್ ಡ್ಯೂಟಿ ಸಿಸ್ಟರಿಗೆ ಔಷಧಿ ಬೇಕಾದರೆ ಕೀ ತೆಗೆದುಕೊಂಡು ಹೋಗಿ, ಬೇಕಾದ್ದನ್ನು ತೆಗೆದು, ಚೀಟಿ ಇಟ್ಟು ಬರುತ್ತಾರೆ. ಬೆಳಿಗ್ಗೆ ಅಣ್ಣ ಬಂದು ಚೀಟಿ ನೋಡಿ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರೆ. ಡಾಕ್ಟರ ಸಹಿ ಆದ ಇಂಡೆಂಟ್ (ಔಷಧಿಯ ಬೇಡಿಕೆ ಪತ್ರ) ಬಂದ ಮೇಲೆ ಕಾಲಮ್ಮಿಗೆ ಏರಿಸಿ ಪೆನ್ಸಿಲಿನ ಮೇಲೆ ಗೀಟು ಹಾಕುತ್ತಾರೆ. ನಿಮ್ಮ ಸಾಫ್ಟ್‌ವೇರ್ ಇಂಡೆಂಟ್ ನಂಬರ್ ಇಲ್ಲದೆ ಒಂದು ಮಾತ್ರೆಯನ್ನೂ ಹೊರಗೆ ಬಿಡುವುದಿಲ್ಲ. ಇನ್ನೊಂದು. ಬಂದ ಪೆಟ್ಟಿಗೆಗಳು ನೆಲದ ಮೇಲೇ ಇರುತ್ತವೆ, ಆದರೆ ಬಿಲ್ ಪಾಸಾಗುವ ತನಕ ನಿಮ್ಮ ಸ್ಕ್ರೀನ್ 'ಸ್ಟಾಕ್ ಇಲ್ಲ' ಅನ್ನುತ್ತದೆ. ಕಣ್ಣೆದುರಿಗೆ ಸಲೈನ್ ಬಾಟಲಿ ಇದ್ದೂ ಇಲ್ಲ ಅಂತ ವಾರ್ಡಿಗೆ ಹೇಳಬೇಕಾ ಅವರು?

ಅವರು ಪುಸ್ತಕ ಬಿಡದಿರುವುದೇ ನಿಮಗೆ ಸಿಕ್ಕಿರುವ ಒಳ್ಳೆಯ ಬಗ್ ರಿಪೋರ್ಟ್, ಅಂದರೆ ಸಾಫ್ಟ್‌ವೇರಿನ ತಪ್ಪು ಎಲ್ಲಿದೆ ಅನ್ನುವ ವರದಿ. ಪುಕ್ಕಟೆ ಸಿಕ್ಕಿದೆ. ಅದನ್ನು 'ರೆಸಿಸ್ಟೆನ್ಸ್' ಅಂತ ಹೆಸರಿಟ್ಟು ರಿಪೋರ್ಟಿನ ಏಳನೇ ಅಧ್ಯಾಯಕ್ಕೆ ತಳ್ಳುತ್ತಿದ್ದೀರಿ.

ಪುಸ್ತಕ ಬಿಡದಿರಲು ಇನ್ನೊಂದು ಕಾರಣ ಇರಬಹುದು, ಅದನ್ನು ಅವರಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಎಕ್ಸ್‌ಪೈರಿ ಆದ ಔಷಧಿಗಳ ಪಟ್ಟಿ ನಿಮ್ಮ ಸಾಫ್ಟ್‌ವೇರಿನಿಂದ ನೇರವಾಗಿ ಆಡಳಿತಾಧಿಕಾರಿಗಳ ಮೇಲ್‌ಗೆ ಹೋಗುತ್ತದೆ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಇಷ್ಟು ದಿನ ಎಕ್ಸ್‌ಪೈರಿ ಹತ್ತಿರ ಬಂದ ಸರಕನ್ನು ಅಣ್ಣ ಡಿಸ್ಟ್ರಿಬ್ಯೂಟರ್ ಹತ್ತಿರ ಮಾತಾಡಿ ವಾಪಸ್ ಕಳಿಸುತ್ತಿದ್ದರು. ಒಂದೆರಡು ಉಳಿದರೂ ಸುಧಾರಿಸಿಕೊಳ್ಳುತ್ತಿದ್ದರು. ಇನ್ನು ಮೊದಲ ದಿನವೇ ಹಳೇ ಉಳಿಕೆಯೆಲ್ಲ ಅವರ ಹೆಸರಿನಲ್ಲಿ ಮೇಲಕ್ಕೆ ಹೋಗುತ್ತದೆ. ಬೈಸಿಕೊಳ್ಳಲು ಲಾಗಿನ್ ಆಗಿ ಅಂದರೆ ಯಾರು ಆಗುತ್ತಾರೆ? ಎಕ್ಸ್‌ಪೈರಿಗೆ ಮೂರು ತಿಂಗಳಿರುವಾಗಲೇ ಆ ಪಟ್ಟಿ ಮೊದಲು ಅಣ್ಣನಿಗೆ ಕಾಣಲಿ. ವಾಪಸ್ ಕಳಿಸಲು ಸಮಯ ಸಿಗುತ್ತದೆ. ಆಗ ಸಾಫ್ಟ್‌ವೇರ್ ಅವರ ಕಡೆಯದಾಗುತ್ತದೆ.

ಇನ್ನು ಸುತ್ತೋಲೆ. 'ಭೂಮಿ' ಯೋಜನೆಯಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಸರ್ಕಾರವೇ ಹೇಳಲಿಲ್ಲವಾ ಅಂತ ಕೇಳುವವರಿದ್ದಾರೆ. ಹೇಳಿತು. ಆದರೆ ಅದು ಕೊನೆಯ ಹೆಜ್ಜೆ. ಅದಕ್ಕೆ ಮೊದಲು ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದರು. ಏರಿಸಿದ್ದನ್ನು ಪ್ರಿಂಟ್ ತೆಗೆದು, ಅದುವರೆಗೆ ಕೈಯಲ್ಲಿ ಬರೆಯುತ್ತಿದ್ದ ಗ್ರಾಮ ಲೆಕ್ಕಿಗರಿಂದಲೇ ತಾಳೆ ನೋಡಿಸಿದ್ದರು. ತಾಲ್ಲೂಕು ಕಚೇರಿಯಲ್ಲಿ ಕೌಂಟರ್ ತೆರೆದು 15 ರೂಪಾಯಿಗೆ ಪಹಣಿ ಸಿಗುವ ಹಾಗೆ ಮಾಡಿದ್ದರು. ತಾಲ್ಲೂಕು ತಯಾರಾದ ಹಾಗೆಲ್ಲ ಅಲ್ಲಲ್ಲಿ ಕೈಬರಹ ನಿಂತಿತು. ನೀವು ಮೊದಲಿನದ್ದೆಲ್ಲ ಬಿಟ್ಟು ಆದೇಶ ಒಂದನ್ನೇ ಕೇಳುತ್ತಿದ್ದೀರಿ.

ಎಲ್ಲ ಒಂದೇ ದಿನ ಬದಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಲಂಡನ್ ಆಂಬುಲೆನ್ಸ್ ಸೇವೆಯ ಕಥೆ ಇದೆ. 1992ರ ಅಕ್ಟೋಬರ್ 26ರಂದು ಇಡೀ ನಗರದ ಆಂಬುಲೆನ್ಸ್ ಕಳಿಸುವ ಕೆಲಸವನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಬಿಟ್ಟರು. ಕಂಟ್ರೋಲ್ ರೂಮಿನಲ್ಲಿ ಜನ ಕೂರುವ ಜಾಗವನ್ನೂ ಬದಲಿಸಿದ್ದರು. ಗಾಡಿ ಎಲ್ಲಿದೆ ಅನ್ನುವ ಮಾಹಿತಿ ತಪ್ಪಾಗಿ ಬರತೊಡಗಿತು. ಒಂದೇ ಕರೆಗೆ ಎರಡು ಗಾಡಿ ಹೋದವು, ಇನ್ನೊಂದು ಕಡೆ ಕಾದವರು ಮತ್ತೆ ಮತ್ತೆ ಫೋನ್ ಮಾಡಿದರು. ನವೆಂಬರ್ 4ರಂದು ವ್ಯವಸ್ಥೆ ಪೂರ್ತಿ ನಿಂತು, ಕಾಗದಕ್ಕೇ ವಾಪಸಾದರು. ಕಂಪ್ಯೂಟರಿನ ತಪ್ಪಿತ್ತು, ನಿಜ. ಆದರೆ ಬಳಸುವವರನ್ನು ಸರಿಯಾಗಿ ಕೇಳದೆ, ಅವರ ನಂಬಿಕೆ ಗಳಿಸದೆ ಹೊರಟದ್ದೂ ವಿಚಾರಣೆಯಲ್ಲಿ ಹೊರಬಿತ್ತು.

ನಾನಾಗಿದ್ದರೆ ಒಂದು ಕಪಾಟನ್ನು ಮಾತ್ರ ಆರಿಸುತ್ತೇನೆ. ಸಲೈನ್ ಬಾಟಲಿಗಳದ್ದು ಅನ್ನಿ. ಐಟಂ ಕಡಿಮೆ, ಓಡಾಟ ಜಾಸ್ತಿ, ತಪ್ಪಾದರೆ ಕಣ್ಣಿಗೆ ಕಾಣುತ್ತದೆ. ರಾತ್ರಿಯ ಚೀಟಿಗೆ 'ಇಂಡೆಂಟ್ ಬರಬೇಕು' ಅನ್ನುವ ಒಂದು ಸ್ಥಿತಿ ಕೊಡಿ. ಬಿಲ್ ಪಾಸಾಗದ ಸರಕಿಗೂ ಬೇರೆ ಲೆಕ್ಕ ಇಡಿ. ಎರಡು ವಾರ ಪುಸ್ತಕವೂ ಇರಲಿ, ಸಾಫ್ಟ್‌ವೇರೂ ಇರಲಿ. ಆದರೆ ಎರಡನೇ ಸಲ ಬರೆಯುವ ಕೆಲಸ ನಿಮ್ಮದು, ಅಣ್ಣನದ್ದಲ್ಲ. ನಿಮ್ಮಲ್ಲಿ ಒಬ್ಬರು ಪ್ರತಿದಿನ ಅಲ್ಲಿ ಕೂತು ಪುಸ್ತಕ ನೋಡಿ ಎಂಟ್ರಿ ಮಾಡಿ, ಸಂಜೆ ಬಾಟಲಿ ಎಣಿಸಿ. ಮೂರೂ ಲೆಕ್ಕ ತಾಳೆಯಾದ ಮೇಲೆ ಪುಸ್ತಕದ ಮಾತೆತ್ತಿ. ಟ್ರೇನಿಂಗ್ ಕೊಟ್ಟೆವು ಅಂದಿರಲ್ಲ, ಮೀಟಿಂಗ್ ಹಾಲಿನಲ್ಲಿ ಪ್ರೊಜೆಕ್ಟರ್ ಹಾಕಿ 'ಟೆಸ್ಟ್ 1, ಟೆಸ್ಟ್ 2' ಅಂತ ತೋರಿಸಿದ್ದು ಟ್ರೇನಿಂಗ್ ಅಲ್ಲ, ಡೆಮೊ.

ಒಂದು ಎಚ್ಚರಿಕೆ. ಇದರಲ್ಲಿ ನಾನು ಸ್ವಲ್ಪ ಪುಕ್ಕಲೇ, ಇರಲಿ. ಶೆಡ್ಯೂಲ್ ಎಚ್1 (ಕಾನೂನು ವಿಶೇಷ ನಿಗಾ ಇಟ್ಟಿರುವ ಔಷಧಿಗಳ ಪಟ್ಟಿ) ಔಷಧಿಗಳ ರಿಜಿಸ್ಟರ್ ಮುಟ್ಟಬೇಡಿ. ಬರೆದ ಡಾಕ್ಟರು, ರೋಗಿಯ ಹೆಸರು, ಪ್ರಮಾಣ ಎಲ್ಲ ಅದರಲ್ಲಿರಬೇಕು, ಮೂರು ವರ್ಷ ಕಾಪಾಡಬೇಕು ಅಂತ ಕಾನೂನೇ ಇದೆ. ವಿದ್ಯಾರ್ಥಿಗಳ ಪ್ರಯೋಗಕ್ಕೆ ಅದು ಜಾಗ ಅಲ್ಲ. ರೋಗಿಗಳ ಹೆಸರನ್ನು ಪುಕ್ಕಟೆ ಕ್ಲೌಡಿಗೆ ಹಾಕುವುದೂ ಬೇಡ.

ಕೊನೆಗೆ, ಜೂನ್‌ನಲ್ಲಿ ನೀವು ನಾಲ್ವರೂ ಬೆಂಗಳೂರಿಗೆ ಕೆಲಸಕ್ಕೆ ಹೊರಡುತ್ತೀರಿ. ಆಮೇಲೆ ಪಾಸ್‌ವರ್ಡ್ ಮರೆತರೆ ಯಾರು ಬದಲಿಸುತ್ತಾರೆ? ಬ್ಯಾಕಪ್ ಯಾರ ಕೈಯಲ್ಲಿ? ಆಸ್ಪತ್ರೆಯವರೇ ಒಬ್ಬರ ಹೆಸರು ಇದಕ್ಕೆ ಸಿಗದಿದ್ದರೆ ಪುಸ್ತಕ ನಿಲ್ಲಿಸಲೇಬೇಡಿ. ಸಾಫ್ಟ್‌ವೇರನ್ನು ವೈವಾಕ್ಕೆ ತೋರಿಸಿ, ಮಾರ್ಕ್ಸ್ ತಗೊಂಡು, ಆಸ್ಪತ್ರೆಯನ್ನು ಅದರ ಪಾಡಿಗೆ ಬಿಡಿ. ಅರ್ಧ ಬದಲಾದ ಸ್ಟೋರಿಗಿಂತ ಹಳೇ ಸ್ಟೋರೇ ವಾಸಿ.

ಪ್ರಶ್ನೆ: ಬದಲಾವಣೆಯ ಪ್ರಯತ್ನಗಳಲ್ಲಿ ಶೇಕಡಾ 70 ಸೋಲುತ್ತವೆ ಅಂತ ರಿಪೋರ್ಟಿನ ಮೊದಲ ಸಾಲಿನಲ್ಲೇ ಹಾಕಿದ್ದೇವೆ. ಸರಿ ತಾನೆ?

ಉತ್ತರ: ಅಳಿಸಿ. ಮ್ಯಾನೇಜ್‌ಮೆಂಟ್ ಲೇಖಕರಾದ ಹ್ಯಾಮರ್ ಮತ್ತು ಚಾಂಪಿ 1993ರಲ್ಲಿ ರೀಇಂಜಿನಿಯರಿಂಗ್, ಅಂದರೆ ಕಂಪನಿಯ ಕೆಲಸದ ರೀತಿಯನ್ನೇ ಬುಡದಿಂದ ಬದಲಿಸುವುದರ ಬಗ್ಗೆ ಮಾತ್ರ ಶೇಕಡಾ 50ರಿಂದ 70 ಅಂದಿದ್ದರು. ಇದು ವೈಜ್ಞಾನಿಕ ಅಂದಾಜಲ್ಲ ಅಂತಲೂ ಅವರೇ ಹೇಳಿದ್ದರು. 2011ರಲ್ಲಿ ಸಂಶೋಧಕ ಮಾರ್ಕ್ ಹ್ಯೂಸ್ ಈ ಅಂಕಿಯ ಬೆನ್ನು ಹತ್ತಿ ಹೋಗಿ ನೋಡಿದರೆ ಅದರ ಹಿಂದೆ ಗಟ್ಟಿ ಪುರಾವೆ ಸಿಗಲಿಲ್ಲ. ಆದರೂ ಎಲ್ಲರ ಸ್ಲೈಡಿನಲ್ಲೂ ಓಡಾಡುತ್ತಿದೆ, ಹೆದರಿಸಿ ಕೋರ್ಸ್ ಮಾರುವವರ ಸ್ಲೈಡಿನಲ್ಲಂತೂ ಇನ್ನೂ ಜಾಸ್ತಿ.

ಪ್ರಶ್ನೆ: ರಿಪೋರ್ಟಿನಲ್ಲಿ ಬದಲಾವಣೆ ನಿರ್ವಹಣೆಗೆ ಕಾಟರ್ ಮಾದರಿ ಹಾಕೋದಾ, ಆಡ್ಕರ್ ಮಾದರಿ ಹಾಕೋದಾ?

ಉತ್ತರ: ನಿಮ್ಮ ಗೈಡ್‌ಗೆ ಯಾವುದು ಇಷ್ಟವೋ ಅದು. ಸ್ಟೋರಿನ ಅಣ್ಣನಿಗೆ ಎರಡೂ ಬೇಡ.

ಪ್ರಶ್ನೆ: ಒಂದು ಪ್ರಾಜೆಕ್ಟ್ ಸೆಂಟರಿನವರು ಕೋಡು, ರಿಪೋರ್ಟು, ಜೊತೆಗೆ ಬಳಕೆದಾರರ ಸರ್ವೇ ಫಲಿತಾಂಶ ಎಲ್ಲ ರೆಡಿಮೇಡ್ ಕೊಡುತ್ತೇವೆ ಅಂತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಯಾರನ್ನೂ ಭೇಟಿಯಾಗದೆ ಯಾರ ಅಭಿಪ್ರಾಯದ ಸರ್ವೇ ಅದು? ಅದೇ ಫೈಲು ಪಕ್ಕದ ಕಾಲೇಜಿಗೂ ಹೋಗಿರುತ್ತದೆ. ಬಸ್ ಚಾರ್ಜಿಗೆ ಆ ದುಡ್ಡು ಇಟ್ಟುಕೊಳ್ಳಿ, ನಿಮ್ಮ ಬಳಕೆದಾರರು ಇರುವ ಕಡೆ ಹೋಗಿ ಬನ್ನಿ.

ಪ್ರಶ್ನೆ: ತಂಡದಲ್ಲಿ ಒಬ್ಬ ಕೆಲಸವೇ ಮಾಡುತ್ತಿಲ್ಲ. ಇದನ್ನೂ ಬದಲಾವಣೆಗೆ ವಿರೋಧ ಅಂತ ತಗೊಂಡು ನಿಭಾಯಿಸಬೇಕಾ?

ಉತ್ತರ: ಅವನಿಗೆ ಇಂಥದ್ದೇ ಕೆಲಸ ಅಂತ ಯಾವತ್ತಾದರೂ ಬಿಡಿಸಿ ಹೇಳಿದ್ದೀರಾ? ಹೇಳಿದ್ದರೆ ಕಮಿಟ್ ಲಾಗ್ (ಯಾರು ಯಾವಾಗ ಕೋಡ್ ಸೇರಿಸಿದರು ಅನ್ನುವ ದಾಖಲೆ) ಪ್ರಿಂಟ್ ತೆಗೆದು ಗೈಡ್ ಹತ್ತಿರ ಹೋಗಿ.